ಆಕೆ ಹೇಗೆ ತೀರಿಕೊಂಡಳು?
ಚರಿತ್ರೆ ಬರೆಯುವವರ ಕೆಲಸ ಮತ್ತು ನಮ್ಮ ಕೆಲಸ

(ಗಂಡಸಿಯಲ್ಲಿ ಸುತ್ತಮುತ್ತಲಿನ ಹಳ್ಳಿಗಳ ಸ್ವಸಹಾಯ ಗುಂಪುಗಳ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದಾಗ ಕರೆದುಕೊಂಡು ಬರಲು ಬಂದಿದ್ದ ಹುಡುಗಿ ನಗುತ್ತಾ ಹೇಳಿದಳು: "ಮೇಡಂ, ಊರಿನ ಹೆಸರು ಗಂಡಸಿ, ಸಭೆ ಮಾತ್ರ ಹೆಂಗಸರದು." ನಾನೂ ನಕ್ಕೆ. ಆದರೆ ನಾನು ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳು. ಹಾಗಾಗಿ ಕೂಡಲೇ ಇನ್ನೊಂದು ಮಾತೂ ತಲೆಗೆ ಬಂತು. ಹೆಸರು ಕಿವಿಗೆ ಹೇಗೆ ಕೇಳುತ್ತದೋ ಅದರಂತೆ ಅರ್ಥ ಹೇಳಿಬಿಡುವುದು ಸುಲಭ. ಹಳೆಯ ಕಲ್ಲಿನಲ್ಲಿ, ಹಳೆಯ ಕಾಗದದಲ್ಲಿ ಆ ಹೆಸರು ಹೇಗಿತ್ತು ಎಂದು ಹುಡುಕಿ ನೋಡುವುದು ಕಷ್ಟ. ನಮ್ಮ ಅರಸೀಕೆರೆಯನ್ನೇ ತೆಗೆದುಕೊಳ್ಳಿ. ಅರಸಿಯ ಕೆರೆ ಎಂದು ನಾವು ಹೇಳುವುದಕ್ಕೆ ಆಧಾರವಿದೆ, ಹೊಯ್ಸಳರ ಕಾಲದ ಶಾಸನಗಳಲ್ಲೇ ಊರಿನ ಹೆಸರು ಅರಸಿಯಕೆರೆ ಎಂದಿದೆ. ಗಂಡಸಿಗೆ ಅಂಥ ಆಧಾರ ಕೈಗೆ ಸಿಗುವವರೆಗೆ ನಾವು ನಗಬಹುದು, ಬರೆಯಬಾರದು. ಚರಿತ್ರೆ ಬರೆಯುವವರ ಕೆಲಸದ ಮೊದಲ ಪಾಠವೇ ಇದು.

ನೀವು ಕೇಳಬಹುದು: ವರದಕ್ಷಿಣೆ, ಹೊಡೆತ ಬಡಿತ, ಪೊಲೀಸ್ ಠಾಣೆ, ಕೋರ್ಟು, ಇವುಗಳ ನಡುವೆ ನಮಗೇಕೆ ರಾಜರ ಕಥೆ? ನಾನು ರಾಜರ ಕಥೆ ಹೇಳಲು ಬಂದಿಲ್ಲ. ಒಬ್ಬ ಹೆಂಗಸು ಸತ್ತಿದ್ದಾಳೆ, ಆಕೆ ಹೇಗೆ ಸತ್ತಳು ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಒಂಬೈನೂರು ವರ್ಷದ ಹಿಂದಿನ ಹೆಂಗಸಾದರೂ ಸರಿಯೆ, ಹೋದ ವಾರ ಪಕ್ಕದ ಬೀದಿಯಲ್ಲಿ ಸತ್ತವಳಾದರೂ ಸರಿಯೆ, ಕೇಳಬೇಕಾದ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ.

ಶಾಂತಲೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಬೇಲೂರು ಹಳೇಬೀಡು ನೋಡದವರು ಯಾರೂ ಇರಲಾರರು. ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆಯಲ್ಲ, ಅದನ್ನು ಮಾಡಿಸಿದವಳು ಶಾಂತಲೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಆಕೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಸವತಿಯರಿಗೆ ಮದ್ದಾನೆಯಂಥವಳು ಎಂದು ಅದರ ಅರ್ಥ. ಅದು ಆಕೆಗಿದ್ದ ಬಿರುದು. ಒಂದು ಬಿರುದಿನಿಂದ ಎಷ್ಟು ತಿಳಿಯುತ್ತದೆ ನೋಡಿ. ಅರಮನೆಯಲ್ಲಿ ಸವತಿಯರಿದ್ದರು, ಅವರ ನಡುವೆ ಪೈಪೋಟಿ ಇತ್ತು, ಅದನ್ನು ಹೊಗಳಿಕೆಯಾಗಿ ಕಲ್ಲಿನಲ್ಲಿ ಕೊರೆಯಬಹುದಿತ್ತು.

ಈಗ ಆಕೆ ಹೇಗೆ ತೀರಿಕೊಂಡಳು? ನೆಲಮಂಗಲದ ಬಳಿಯ ಶಿವಗಂಗೆ ಬೆಟ್ಟಕ್ಕೆ ಹೋದರೆ ತುದಿಯಲ್ಲಿ ಒಂದು ಕಡಿದಾದ ಜಾಗ ತೋರಿಸಿ, ಶಾಂತಲೆ ಇಲ್ಲಿಂದಲೇ ಹಾರಿದಳು ಎನ್ನುತ್ತಾರೆ. ಏಕೆ ಎಂದರೆ, ಗಂಡುಮಗು ಆಗಲಿಲ್ಲ, ರಾಜ ಇನ್ನೊಬ್ಬಳಿಂದ ಮಗನನ್ನು ಪಡೆಯಲಿ ಎಂದು ತ್ಯಾಗ ಮಾಡಿದಳು ಎನ್ನುತ್ತಾರೆ. ಕಾದಂಬರಿಗಳು ಬಂದಿವೆ, ನಾಟಕಗಳು ಬಂದಿವೆ. ನಾನೂ ಹುಡುಗಿಯಾಗಿದ್ದಾಗ ಈ ಕಥೆ ಕೇಳಿ ಅತ್ತವಳೇ.

ಶ್ರವಣಬೆಳಗೊಳದ ಶಾಸನ ಬೇರೆಯೇ ರೀತಿಯಲ್ಲಿ ಮಾತಾಡುತ್ತದೆ. ಶಕವರ್ಷ 1053, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯ ತೀರ್ಥದಲ್ಲಿ ಶಾಂತಲೆ ಸ್ವರ್ಗಸ್ಥಳಾದಳು ಎಂದು ಅದು ಹೇಳುತ್ತದೆ. ಆಮೇಲೆ ಆಕೆಯ ತಾಯಿ ಮಾಚಿಕಬ್ಬೆ, ಮಗಳು ಹೋದ ಮೇಲೆ ತಾನು ಇರಲಾರೆನೆಂದು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ಪ್ರಾಣ ಬಿಟ್ಟಳು ಎಂದು ವಿವರವಾಗಿ ಹೇಳುತ್ತದೆ. ತಾಯಿ ಹೇಗೆ ಸತ್ತಳು ಎಂಬುದಿದೆ. ಮಗಳು ಎಲ್ಲಿ ಸತ್ತಳು, ಯಾವ ದಿನ ಸತ್ತಳು ಎಂಬುದಿದೆ. ಹೇಗೆ ಸತ್ತಳು ಎಂಬುದಿಲ್ಲ. ಹಾರಿದಳು ಎಂದಿಲ್ಲ. ಗಂಡುಮಗುವಿನ ಮಾತಿಲ್ಲ. ವಿಷ್ಣುವರ್ಧನನ ಮುಂದಿನ ದೊರೆ ನರಸಿಂಹನ ತಾಯಿ ಲಕ್ಷ್ಮೀದೇವಿ ಎಂಬುದು ನಿಜ. ಆದರೆ ಅದಕ್ಕೂ ಇದಕ್ಕೂ ನಡುವೆ ಗಂಟು ಹಾಕಿದವರು ಆಮೇಲಿನವರು.

ಇಲ್ಲಿ ಚರಿತ್ರೆಕಾರ್ತಿ ಏನು ಮಾಡುತ್ತಾಳೆ?

ಮೊದಲು ದಿನಾಂಕ ನೋಡುತ್ತಾಳೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1053ಕ್ಕೆ 78 ಕೂಡಿಸಿದರೆ 1131. ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಇನ್ನೊಂದು ದಾರಿಯಿದೆ. ಸಂವತ್ಸರಗಳು ಅರವತ್ತು, ತಿರುಗಿ ತಿರುಗಿ ಬರುತ್ತವೆ. 1971ರ ಯುಗಾದಿಗೆ ಶುರುವಾದದ್ದು ವಿರೋಧಿಕೃತ್. ಅಲ್ಲಿಂದ ಅರವತ್ತು ಅರವತ್ತಾಗಿ ಹದಿನಾಲ್ಕು ಸಲ ಹಿಂದಕ್ಕೆ ಹೋದರೆ ಸರಿಯಾಗಿ 1131. ಎರಡು ದಾರಿಯಲ್ಲಿ ಹೋದರೂ ಒಂದೇ ಊರು ಸಿಕ್ಕಿತು. ಇದು ಪಂಚಾಂಗ ಓದಬಲ್ಲ ಯಾವ ಹೆಂಗಸೂ ಮಾಡಬಹುದಾದ ಲೆಕ್ಕ.

ಎರಡನೆಯದಾಗಿ, ಯಾರು ಹೇಳುತ್ತಿದ್ದಾರೆ, ಯಾವಾಗ ಹೇಳುತ್ತಿದ್ದಾರೆ ಎಂದು ಕೇಳುತ್ತಾಳೆ. ಶಾಸನ ಆ ಕಾಲದ್ದು. ಬೆಟ್ಟದ ಕಥೆ ಯಾವ ಕಾಲದ್ದೋ, ಅದಕ್ಕೆ ತಾರೀಖಿಲ್ಲ. ಶಾಸನ ಕೂಡ ಪೂರ್ತಿ ಸತ್ಯ ಎಂದಲ್ಲ. ಅದನ್ನು ಬರೆಸಿದವರು ಸತ್ತವರನ್ನು ಹೊಗಳಲೆಂದೇ ಬರೆಸಿದ್ದು. ಅವರಿಗೆ ಬೇಡವಾದದ್ದನ್ನು ಕಲ್ಲಿನಲ್ಲಿ ಕೊರೆಸುವುದಿಲ್ಲ.

ಮೂರನೆಯದು ಕಷ್ಟದ್ದು. ಆಧಾರ ಎಲ್ಲಿ ನಿಲ್ಲುತ್ತದೋ ತಾನೂ ಅಲ್ಲಿ ನಿಲ್ಲುತ್ತಾಳೆ. ಶಾಂತಲೆ ಹಾರಿದಳು ಎಂದೂ ಹೇಳುವುದಿಲ್ಲ, ಖಂಡಿತ ಹಾರಲಿಲ್ಲ ಎಂದೂ ಹೇಳುವುದಿಲ್ಲ. ಹಾರಿದಳೆಂಬುದಕ್ಕೆ ಆ ಕಾಲದ ಆಧಾರವಿಲ್ಲ ಎನ್ನುತ್ತಾಳೆ, ಅಷ್ಟೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ: ಗಂಡನ ಮನೆಗೆ ಗಂಡುಮಗು ಬೇಕೆಂದು ಹೆಂಗಸು ಪ್ರಾಣ ಕೊಟ್ಟಳು ಎಂಬ ಕಥೆ ನಮಗೆಲ್ಲ ಅಷ್ಟು ಇಷ್ಟವಾಗುವುದೇಕೆ? ಅದನ್ನು ತ್ಯಾಗ ಎಂದು ಕರೆಯಲು ನಮಗೆ ಕಲಿಸಿದವರು ಯಾರು?

ನಿಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ನಿಂತಿರುವ ಕಲ್ಲುಗಳನ್ನೂ ಹೀಗೆಯೇ ನೋಡಬೇಕು. ಮಾಸ್ತಿಕಲ್ಲಿನಲ್ಲಿ ಒಂದು ಕಂಬ, ಕಂಬದಿಂದ ಚಾಚಿದ ಬಾಗಿದ ಕೈ, ಕೈತುಂಬ ಬಳೆ ಇರುತ್ತದೆ. ಗಂಡನ ಜೊತೆ ಸತ್ತರೂ ಆಕೆಯ ಬಳೆ ಒಡೆಯಲಿಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಆ ಕೈ ಹೇಳುತ್ತದೆ. ಹೇಳುತ್ತಿರುವವರು ಕಲ್ಲು ನಿಲ್ಲಿಸಿದವರು. ಕೈ ಇದೆ, ಬಾಯಿ ಇಲ್ಲ. ವೀರಗಲ್ಲುಗಳಲ್ಲಿ ಪೆಣ್ಬುಯ್ಯಲ್ ಎಂಬ ಒಂದು ಮಾತು ಬರುತ್ತದೆ. ಹೆಣ್ಣಿನ ಮೇಲೆ ಕೈಮಾಡಲು ಬಂದವರನ್ನು ತಡೆಯುವಾಗ ನಡೆದ ಕಾಳಗ ಎಂದು ಅರ್ಥ. ತಡೆಯಲು ಹೋಗಿ ಸತ್ತ ವೀರನಿಗೆ ಕಲ್ಲು ನಿಲ್ಲುತ್ತದೆ. ಆ ಹೆಂಗಸರು ಆಮೇಲೆ ಏನಾದರು ಎಂಬುದಕ್ಕೆ ಕಲ್ಲಿಲ್ಲ. ಇರುವುದನ್ನು ಓದಿದ ಹಾಗೆ ಇಲ್ಲದಿರುವುದನ್ನೂ ಓದುವುದು ಈ ಕೆಲಸದ ಒಂದು ವಿದ್ಯೆ.

ಈ ಕಲ್ಲುಗಳು ಪುಸ್ತಕಕ್ಕೆ ಬಂದದ್ದು ಹೇಗೆ? ಬಿ. ಎಲ್. ರೈಸ್ ಎಂಬವರು, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು, ಮೈಸೂರು ಸಂಸ್ಥಾನದ ಊರೂರುಗಳ ಶಾಸನಗಳನ್ನು ತಮ್ಮ ಜನರಿಂದ ಪ್ರತಿ ಮಾಡಿಸಿ, ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಅಚ್ಚು ಹಾಕಿಸಿದರು. ಹಾಸನ ಜಿಲ್ಲೆಯದು ಐದನೆಯ ಸಂಪುಟ, 1902ರದು. ಪ್ರತಿ ತೆಗೆಯುವ ರೀತಿ ನಮ್ಮ ಮನೆಗೆಲಸದಂತೆಯೇ ಇದೆ. ಕಲ್ಲನ್ನು ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ಒತ್ತಬೇಕು. ಕಾಗದ ಒಣಗಿದ ಮೇಲೆ ಕರಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರ ಏಳುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಕಲ್ಲಿನಲ್ಲಿ ವರ್ಷವೇ ಇರಲಿಲ್ಲ. ಅಕ್ಷರದ ಆಕಾರ ನೋಡಿ, ಬೇರೆ ಕಲ್ಲುಗಳ ಜೊತೆ ಹೋಲಿಸಿ, ಸುಮಾರು 450ರದು ಎಂದರು. ವಿದ್ವಾಂಸರು ಅದರ ಮೇಲೂ ವಾದ ಮಾಡಿದ್ದಾರೆ. ಮಾಡಬೇಕಾದದ್ದೇ. ಹಳಗನ್ನಡ ಬರಬೇಕು, ಲಿಪಿ ಬರಬೇಕು, ಲೆಕ್ಕ ಬರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ಅಕ್ಷರ ಬಾರದವರ ಚರಿತ್ರೆ ಎಲ್ಲಿದೆ ಎಂದು ನೀವು ಕೇಳಿದರೆ, ಅದು ಬಾಯಲ್ಲಿದೆ. ಹೈದರಾಬಾದಿನಲ್ಲಿ ಸ್ತ್ರೀಶಕ್ತಿ ಸಂಘಟನೆ ಎಂಬ ಮಹಿಳಾ ಗುಂಪು ಇತ್ತು. ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬರುವ ಮೊದಲಿನ ಮಾತು. ತೆಲಂಗಾಣದ ರೈತ ಹೋರಾಟದಲ್ಲಿದ್ದ ಹೆಂಗಸರನ್ನು ಅವರು ಹುಡುಕಿಕೊಂಡು ಹೋಗಿ, ಕೂತು ಮಾತಾಡಿಸಿ, ಅವರು ಹೇಳಿದ್ದನ್ನು 1986ರಲ್ಲಿ ತೆಲುಗಿನಲ್ಲಿ ಪುಸ್ತಕ ಮಾಡಿದರು. ನಮಗೆ ತಿಳಿಯದ ನಮ್ಮ ಚರಿತ್ರೆ ಎಂಬುದು ಆ ಹೆಸರಿನ ಅರ್ಥ. ಕೇಳುವುದೂ ಒಂದು ವಿದ್ಯೆ. ನಡುವೆ ಬಾಯಿ ಹಾಕಬಾರದು, ನಮಗೆ ಬೇಕಾದ ಉತ್ತರವನ್ನು ಅವರ ಬಾಯಲ್ಲಿ ಇಡಬಾರದು, ಸುಮ್ಮನಾದರೆ ಸ್ವಲ್ಪ ಹೊತ್ತು ನಾವೂ ಸುಮ್ಮನಿರಬೇಕು.

ನಾನು ಇದನ್ನು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮ ಮನೆಯಲ್ಲೇ. ನನ್ನ ಸೋದರತ್ತೆಯೊಬ್ಬಳು ಮದುವೆಯಾದ ಮೂರನೆಯ ವರ್ಷ ಗಂಡನ ಮನೆಯ ಬಾವಿಯಲ್ಲಿ ಸತ್ತಳು. ಆಗ ನನಗೆ ಆರು ವರ್ಷ. ಹೆಸರು ಹೇಳುವುದಿಲ್ಲ, ಆ ಮನೆತನದವರು ಇನ್ನೂ ಇದ್ದಾರೆ. "ನೀರು ಸೇದೋಕೆ ಹೋದ್ಲು, ಕಾಲು ಜಾರ್ತು" ಎಂದು ಎಲ್ಲರೂ ಹೇಳುತ್ತಿದ್ದರು. ಅಜ್ಜಿ ಹೇಳಿದ್ದೂ ಅದೇ, ದೊಡ್ಡಪ್ಪ ಹೇಳಿದ್ದೂ ಅದೇ, ಅತ್ತೆಯ ಗಂಡನ ಕಡೆಯವರು ಹೇಳಿದ್ದೂ ಅದೇ. ಒಂದು ಪದ ಆಚೀಚೆ ಇಲ್ಲ. ಎಷ್ಟೋ ವರ್ಷ ಆದ ಮೇಲೆ, ಮಕ್ಕಳಿಗೆ ಆಧಾರ ಪರೀಕ್ಷೆಯ ಪಾಠ ಹೇಳುತ್ತಿದ್ದಾಗ ನನಗೇ ಹೊಳೆಯಿತು. ಹತ್ತು ಜನ ಒಂದೇ ಮಾತನ್ನು ಅದೇ ಪದಗಳಲ್ಲಿ ಹೇಳಿದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದು ಸಾಕ್ಷಿ. ಯಾರೋ ಒಬ್ಬರು ಮೊದಲು ಹೇಳಿದರು, ಉಳಿದವರು ಕಲಿತರು.

ಅಪ್ಪ ತೀರಿಕೊಂಡ ಮೇಲೆ ತಾತನ ಟ್ರಂಕು ತೆಗೆದೆವು. ಅದರಲ್ಲಿ ತೀರಿಸಿದ ಸಾಲದ ಒಂದು ಪ್ರೋನೋಟು ಇತ್ತು, ರೆವಿನ್ಯೂ ಸ್ಟಾಂಪಿನ ಮೇಲೆ ತಾತನ ಸಹಿ. ಆರು ನೂರು ರೂಪಾಯಿ. 1966ರ ಏಪ್ರಿಲ್ 9. ಹಿಂಬದಿಯಲ್ಲಿ ಸೀಸದಕಡ್ಡಿಯಲ್ಲಿ "ಮಗಳ ಮನೆಗೆ ಬಾಕಿ" ಎಂದು ಬರೆದಿತ್ತು. ಅತ್ತೆ ಸತ್ತ ದಿನ ಯಾರಿಗೂ ನೆನಪಿರಲಿಲ್ಲ. ಆದರೆ ಬಸವ ಜಯಂತಿಯ ಮಾರನೆ ದಿನ ಸುದ್ದಿ ಬಂತೆಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು. ಹಳೆಯ ಪಂಚಾಂಗ ಹುಡುಕಿ ನೋಡಿದೆ. ಸಾಲ ತಂದ ದಿನಕ್ಕೂ ಸಾವಿಗೂ ನಡುವೆ ಹದಿನೈದು ದಿನ.

ಆ ಊರಿಗೆ ಹೋದೆ. ಅತ್ತೆಯ ವಾರಿಗೆಯ ಒಬ್ಬ ಅಜ್ಜಿ ಇದ್ದರು. ನಾನು ಸಾವಿನ ಬಗ್ಗೆ ಕೇಳಲಿಲ್ಲ. ಆ ಬೇಸಿಗೆಯಲ್ಲಿ ನೀರಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಏನ್ ಮಾಡೋದವ್ವ, ಆ ವರ್ಷ ಬಾವೀಲಿ ಮೊಣಕಾಲುದ್ದ ನೀರಿರಲಿಲ್ಲ. ಇಳಿದು ಚೊಂಬಲ್ಲಿ ಮೊಗೆದು ತರ್ತಿದ್ವಿ" ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಇದರಿಂದ ನಾನು ಏನು ಹೇಳಬಹುದು? ಕೊಂದರು ಎಂದು ಹೇಳಲಾರೆ. ಬತ್ತಿದ ಬಾವಿಗೆ ಬಿದ್ದರೂ ಪ್ರಾಣ ಹೋಗಬಹುದು. ಇಳಿಯುವಾಗ ಕಾಲು ಜಾರಿರಲೂಬಹುದು. ತಾನೇ ಬಿದ್ದಿರಬಹುದು. ಆದರೆ ನೀರು ಸೇದಲು ಹೋಗಿ ಬಿದ್ದಳು ಎಂಬುದು ಆಗುವ ಮಾತಲ್ಲ, ಸೇದಲು ನೀರೇ ಇರಲಿಲ್ಲ. ಬಾಕಿ ಹಣದ ಒತ್ತಡ ಇತ್ತು, ಸಾವಿಗೆ ಹದಿನೈದು ದಿನ ಮುಂಚೆ ತಾತ ಸಾಲ ಮಾಡಿದ. ಇಷ್ಟು ಹೇಳಬಲ್ಲೆ. ಇಷ್ಟನ್ನು ಆಗಲೇ ಯಾರಾದರೂ ಕೂಡಿಸಿ ನೋಡಿದ್ದರೆ? ಎಲ್ಲ ಚೂರುಗಳೂ ಆ ದಿನವೇ ಇದ್ದವು. ಒಬ್ಬೊಬ್ಬರ ಹತ್ತಿರ ಒಂದೊಂದು ಚೂರು ಇತ್ತು. ಕೂಡಿಸುವವರು ಇರಲಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಮಾಡಿದ್ದು ಈ ಕೂಡಿಸುವ ಕೆಲಸವನ್ನೇ. ಸುಟ್ಟು ಸತ್ತ ಹೆಂಗಸರ ದಾಖಲೆಗಳಲ್ಲಿ ಸ್ಟೋವ್ ಸಿಡಿದು ಸಾವು, ಅಡುಗೆಮನೆಯ ಆಕಸ್ಮಿಕ ಎಂದು ಮತ್ತೆ ಮತ್ತೆ ಬರೆದಿತ್ತು. ಅವರು ಆಸ್ಪತ್ರೆಯ ವಾರ್ಡಿಗೆ ಹೋದರು, ಪೊಲೀಸ್ ದಾಖಲೆ ನೋಡಿದರು, ತವರಿನವರನ್ನು ಮಾತಾಡಿಸಿದರು, ಇಷ್ಟೊಂದು ಸ್ಟೋವುಗಳು ಮದುವೆಯಾದ ಹೊಸ ಸೊಸೆಯರ ಮೇಲೇ ಏಕೆ ಸಿಡಿಯುತ್ತವೆ ಎಂದು ಕೇಳಿದರು. ಚರಿತ್ರೆಕಾರರು ಶಾಸನಕ್ಕೆ ಕೇಳುವ ಪ್ರಶ್ನೆಯೇ ಅದು: ಇದನ್ನು ಬರೆದವರು ಯಾರು, ಯಾರು ಹೇಳಿದ್ದನ್ನು ಕೇಳಿ ಬರೆದರು?

ಕಾನೂನು ಕೂಡ ಈಗ ನಮ್ಮಿಂದ ಚರಿತ್ರೆಕಾರರ ಕೆಲಸವನ್ನೇ ಕೇಳುತ್ತದೆ. ಮದುವೆಯಾದ 7 ವರ್ಷದೊಳಗೆ ಸಹಜವಲ್ಲದ ಸಾವಾಗಿ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿದ್ದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ದಂಡ ಸಂಹಿತೆಗೆ 304ಬಿ ಎಂದು ಸೇರಿದ್ದ ಈ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 80ನೆಯದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ 498ಎ ಈಗ 85 ಮತ್ತು 86. "ಸಾವಿಗೆ ಸ್ವಲ್ಪ ಮುಂಚೆ" ಎಂಬ ಮಾತು ನೋಡಿ. ಅದನ್ನು ತೋರಿಸಲು ತಾರೀಖು ಬೇಕು. "ಯಾವಾಗಲೂ ಹೊಡೀತಿದ್ದ" ಎಂದರೆ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ. "ಗೌರಿಹಬ್ಬಕ್ಕೆ ಬಂದಾಗ ಬೈಕು ಕೇಳಿದರೆಂದು ಅತ್ತಳು, ಆ ಸೋಮವಾರದ ಸಭೆಗೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು" ಎಂದರೆ ನಿಲ್ಲುತ್ತದೆ.

"ವರದಕ್ಷಿಣೆ ಹಿಂದಿನಿಂದ ಬಂದ ಸಂಪ್ರದಾಯ" ಎಂದು ಹೇಳುವವರಿಗೂ ಅದೇ ಪ್ರಶ್ನೆ ಕೇಳಿ: ಎಂದಿನಿಂದ? ಎಂ. ಎನ್. ಶ್ರೀನಿವಾಸ್ ಅವರು 1942ರಲ್ಲಿ ಮೈಸೂರು ಸೀಮೆಯ ಮದುವೆಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬ್ರಾಹ್ಮಣೇತರ ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಡುತ್ತಿದ್ದುದು ದಾಖಲಾಗಿದೆ. ಈಗಿನ ವರದಕ್ಷಿಣೆಯೇ ಬೇರೆ, ಹಳೆಯ ಸ್ತ್ರೀಧನವೇ ಬೇರೆ ಎಂದು 1984ರಲ್ಲಿ ಪ್ರಕಟವಾದ ಬರಹದಲ್ಲಿ ಅವರು ವಾದಿಸಿದರು. ತೆರದ ಕಾಲ ಹೆಣ್ಣಿಗೆ ಸುಖದ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮದುವೆಗೆ ತೆರ ಬಂದು, ಮೊಮ್ಮಗಳ ಮದುವೆಗೆ ತೆಂಗಿನ ತೋಟ ಅಡವಿಟ್ಟಿದ್ದರೆ, ನಡುವೆ ಎಲ್ಲೋ ಇದು ಶುರುವಾಯಿತು ಎಂದಾಯಿತು. ಶುರುವಾದದ್ದನ್ನು ನಿಲ್ಲಿಸಲೂಬಹುದು. ಮನೆಯ ಹಿರಿಯರನ್ನು ಕೇಳಿ, ಬರೆದಿಡಿ: ಯಾರ ಮದುವೆ, ಯಾವ ವರ್ಷ, ಯಾರು ಯಾರಿಗೆ ಏನು ಕೊಟ್ಟರು.

ಕೊನೆಗೆ ಒಂದು ಕಹಿ ಮಾತು. ಒಂದು ಗುಂಪಿನ ಸಾಲದ ಪುಸ್ತಕ ನೋಡಿದೆ. ಎರಡು ವರ್ಷದಲ್ಲಿ ಒಂಬತ್ತು ಜನ ಹಸು ಕೊಳ್ಳಲು ಸಾಲ ತೆಗೆದಿದ್ದರು. ಹಸುಗಳು ಎಲ್ಲಿ ಎಂದು ಕೇಳಿದೆ. ಯಾರೂ ತಲೆ ಎತ್ತಲಿಲ್ಲ. ಒಬ್ಬ ಅಮ್ಮ ಹೇಳಿದರು: "ಎರಡು ಹಸು ಬಂದ್ವು ಮೇಡಂ. ಉಳಿದವು ಅಳಿಯಂದಿರ ಮನೆಗೆ ಹೋದ್ವು." ಐವತ್ತು ವರ್ಷದ ಮೇಲೆ ಯಾರೋ ಹುಡುಗಿ ಈ ಪುಸ್ತಕ ಹುಡುಕಿ ತೆಗೆದು, ಅರಸೀಕೆರೆ ಸೀಮೆಯ ಹೆಂಗಸರು ಹೈನುಗಾರಿಕೆಯಲ್ಲಿ ಮುಂದಿದ್ದರು ಎಂದು ಬರೆಯುತ್ತಾಳೆ. ನಮ್ಮ ಕೈಯಾರೆ ನಾವೇ ಸುಳ್ಳು ಶಾಸನ ಕೊರೆಯುತ್ತಿದ್ದೇವೆ. ಸಾಲ ಸಿಗಲೆಂದು ಬರೆದದ್ದು, ಗೊತ್ತು. ಆದರೆ ಆ ಬರಹದಲ್ಲಿ ವರದಕ್ಷಿಣೆಯೂ ಇಲ್ಲ, ಅದಕ್ಕಾಗಿ ಕಂತು ಕಟ್ಟುತ್ತಿರುವ ತಾಯಿಯೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಡಾವಳಿ ಪುಸ್ತಕದಲ್ಲಿ "ಗೈರುಹಾಜರು" ಎಂದಷ್ಟೇ ಬರೆದು ಬಿಡಬೇಡಿ. ಸತತ ಎರಡು ವಾರ ಬಾರದಿದ್ದರೆ ಇಬ್ಬರು ಹೋಗಿ ನೋಡಿ ಬನ್ನಿ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಬೇಕೆಂದು 1985ರ ನಿಯಮವೇ ಇದೆ. ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು ಎಂದು ಬರೆದು ಹೆಣ್ಣು ಗಂಡು ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿ ಹೆಣ್ಣಿನ ಹತ್ತಿರವೇ ಇರಲಿ. ಹಿಂಸೆ ಅನುಭವಿಸುತ್ತಿರುವವಳು ಹೇಳಿದ್ದನ್ನು, ಅವಳು ಒಪ್ಪಿದರೆ ಮಾತ್ರ, ಅವಳ ಮಾತಿನಲ್ಲೇ ತಾರೀಖು ಹಾಕಿ ಬರೆದು, ಗಂಡನ ಮನೆಯವರ ಕೈಗೆ ಸಿಗದ ಕಡೆ ಇಡಿ. ಕೇಳಿದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂದು ಬೇರೆ ಬೇರೆ ಬರೆಯಿರಿ. ಗೊತ್ತಿಲ್ಲದ್ದನ್ನು ಸೇರಿಸಬೇಡಿ, ಒಂದು ಸುಳ್ಳು ಹತ್ತು ನಿಜವನ್ನು ಹಾಳುಮಾಡುತ್ತದೆ. ಮತ್ತು ಬರೆಯುತ್ತಾ ಕೂರಬೇಡಿ. 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಕೆಳಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ, ಅವರ ಹತ್ತಿರ ಕರೆದುಕೊಂಡು ಹೋಗಿ.

ಚರಿತ್ರೆಕಾರರು ಸತ್ತವರ ಬಳಿಗೆ ತಡವಾಗಿ ಬರುತ್ತಾರೆ, ಅದು ಅವರ ಕೆಲಸದ ದುಃಖ. ನಾನು ನನ್ನ ಸೋದರತ್ತೆಯ ಬಾವಿಯ ಬಳಿಗೆ ನಲವತ್ತು ವರ್ಷ ತಡವಾಗಿ ಹೋದೆ. ನೀವು ಅದೇ ಪ್ರಶ್ನೆಗಳನ್ನು ಅವಳು ಬದುಕಿರುವಾಗಲೇ ಕೇಳಬಲ್ಲಿರಿ, ಏಕೆಂದರೆ ವಾರಕ್ಕೊಮ್ಮೆ ಅವಳು ನಿಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂರುತ್ತಾಳೆ.